ಖನಿಜಗಳ ಮೇಲ್ಮೈ ರಸಾಯನಶಾಸ್ತ್ರದಲ್ಲಿ ಸಂಶೋಧನೆ: ಹೊಸಬರಿಗೆ ಹೆಜ್ಜೆ ಹೆಜ್ಜೆಯ ಸಮಗ್ರ ಮಾರ್ಗದರ್ಶಿ

ಸಂಡೂರು, ಹೊಸಪೇಟೆ ಭಾಗದ ಕಬ್ಬಿಣದ ಅದಿರನ್ನು ತೊಳೆದ ಮೇಲೆ ಹೊಂಡಗಳಲ್ಲಿ ನಿಲ್ಲುವ ಕೆಂಪು ರಾಡಿ. ಪಾವಗಡದ ಕೊಳವೆ ಬಾವಿಗಳಲ್ಲಿ ಬರುವ ಫ್ಲೋರೈಡ್ ನೀರು. 2001ರಲ್ಲಿ ಗಣಿ ಮುಚ್ಚಿದ ನಂತರವೂ ಕೆಜಿಎಫ್‌ನಲ್ಲಿ ನಿಂತೇ ಇರುವ ಸೈನೈಡ್ ದಿಬ್ಬಗಳು. ಮಂಡ್ಯ ಜಿಲ್ಲೆಯ ಮರ್ಲಗಲ್ಲ ಸುತ್ತಮುತ್ತ ಪತ್ತೆಯಾದ ಲಿಥಿಯಂ ಶಿಲೆ. ಇವು ನಾಲ್ಕು ಬೇರೆ ಬೇರೆ ಸಮಸ್ಯೆಗಳಂತೆ ಕಾಣುತ್ತವೆ. ರಸಾಯನಶಾಸ್ತ್ರದ ಕಣ್ಣಿಗೆ ನಾಲ್ಕೂ ಒಂದೇ ಪ್ರಶ್ನೆ: ಖನಿಜದ ಕಣ ನೀರನ್ನು ಮುಟ್ಟುವ ಜಾಗದಲ್ಲಿ, ಕೆಲವೇ ನ್ಯಾನೋಮೀಟರ್ ದಪ್ಪದ ಪದರದಲ್ಲಿ, ಯಾವುದು ಅಂಟಿಕೊಳ್ಳುತ್ತದೆ, ಯಾವುದು ಬಿಟ್ಟುಹೋಗುತ್ತದೆ, ಏಕೆ?

ಎಂ.ಎಸ್ಸಿ. ಅಥವಾ ಬಿ.ಇ. ಮುಗಿಸಿ ಪಿಎಚ್‌.ಡಿ.ಗೆ ಯೋಚಿಸುತ್ತಿರುವವರಿಂದ ಹಿಡಿದು, ಪಿಎಚ್‌.ಡಿ. ಮುಗಿಸಿ ಕೆಲಸ ಹುಡುಕುತ್ತಿರುವವರು, ಕಾಲೇಜಿಗೆ ಹೊಸದಾಗಿ ಸೇರಿ ಮೊದಲ ಪ್ರಸ್ತಾವನೆ ಬರೆಯಬೇಕಾದವರವರೆಗೆ ಎಲ್ಲರನ್ನೂ ಮನಸ್ಸಿನಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಹುಡುಗ ಹುಡುಗಿಯರು ಮೊದಲು ಫೆಲೋಶಿಪ್ ನೋಡುತ್ತಾರೆ, ಆಮೇಲೆ ಮಾರ್ಗದರ್ಶಕರನ್ನು, ಆಮೇಲೆ ಲಭ್ಯವಿರುವ ಉಪಕರಣವನ್ನು, ಕೊನೆಗೆ ಯಾವುದಾದರೊಂದು ಖನಿಜವನ್ನು. ಈ ಕ್ಷೇತ್ರದಲ್ಲಿ ಇದು ತಿರುವುಮುರುವು. ಯಾವ ಖನಿಜ, ಯಾವ ನೀರು ಎಂಬುದು ಮೊದಲು ತೀರ್ಮಾನವಾಗಬೇಕು. ಉಳಿದದ್ದೆಲ್ಲ ಅದರ ಹಿಂದೆ ಬರಬೇಕು.

ಹೆಜ್ಜೆ 1: ಖನಿಜವನ್ನೂ ನೀರನ್ನೂ ಆರಿಸಿಕೊಳ್ಳಿ

ಕೆಲಸದ ದಾರಿಗಳು ಸ್ಥೂಲವಾಗಿ ಮೂರು. ಮೊದಲನೆಯದು ಅದಿರು ಸಂಸ್ಕರಣೆ. ನೊರೆತೇಲಿಕೆ, ಅಂದರೆ ಕಾರ್ಖಾನೆಯಲ್ಲಿ ಎಲ್ಲರೂ ಫ್ಲೋಟೇಶನ್ ಎನ್ನುವ ವಿಧಾನ, ಆಸ್ಟ್ರೇಲಿಯದ ಬ್ರೋಕನ್ ಹಿಲ್‌ನಲ್ಲಿ 20ನೇ ಶತಮಾನದ ಆರಂಭದಲ್ಲಿ ಕೈಗಾರಿಕಾ ಪ್ರಮಾಣಕ್ಕೆ ಬೆಳೆಯಿತು. ಬೇಕಾದ ಖನಿಜದ ಮೇಲ್ಮೈ ನೀರನ್ನು ಒಲ್ಲದಂತೆ ಮಾಡಿ, ಗಾಳಿಗುಳ್ಳೆಗೆ ಅಂಟಿಸಿ ಮೇಲಕ್ಕೆತ್ತುವುದು ಅದರ ತಿರುಳು. ತಾಮ್ರ, ಸತು, ಸೀಸದ ಅದಿರುಗಳು ಇಂದಿಗೂ ಬಹುಪಾಲು ಈ ದಾರಿಯಲ್ಲೇ ಶುದ್ಧವಾಗುತ್ತವೆ. ಎರಡನೆಯದು ಪರಿಸರ: ಆರ್ಸೆನಿಕ್, ಫ್ಲೋರೈಡ್, ಭಾರಲೋಹಗಳು ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳ ಮೇಲೆ ಕೂರುವುದು, ಬಿಡುವುದು. ಮೂರನೆಯದು ಈಚೆಗೆ ವೇಗ ಪಡೆದಿರುವ ದಾರಿ: ಲಿಥಿಯಂ, ವಿರಳ ಭೂಧಾತುಗಳಂತಹ ನಿರ್ಣಾಯಕ ಖನಿಜಗಳು, ಮತ್ತು ಇಂಗಾಲದ ಡೈಆಕ್ಸೈಡನ್ನು ಬಸಾಲ್ಟ್ ಶಿಲೆಯಲ್ಲಿ ಕಲ್ಲಾಗಿಸುವುದು. ಐಸ್‌ಲ್ಯಾಂಡ್‌ನ ಕಾರ್ಬ್‌ಫಿಕ್ಸ್ ಯೋಜನೆಯಲ್ಲಿ ಪ್ರಾಯೋಗಿಕವಾಗಿ ಭೂಮಿಗೆ ಇಳಿಸಿದ ಇಂಗಾಲದ ಡೈಆಕ್ಸೈಡಿನ 95%ಕ್ಕೂ ಹೆಚ್ಚು ಭಾಗ ಎರಡು ವರ್ಷಗಳೊಳಗೆ ಕಾರ್ಬೊನೇಟ್ ಖನಿಜವಾಯಿತು ಎಂದು 2016ರಲ್ಲಿ ವರದಿಯಾಯಿತು. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿಗಳ ನೆಲದಡಿಯಲ್ಲಿ ಹರಡಿರುವುದೂ ಬಸಾಲ್ಟೇ. ಐಸ್‌ಲ್ಯಾಂಡ್‌ನ ಎಳೆಯ ಬಸಾಲ್ಟಿಗೂ ನಮ್ಮ ದಖ್ಖನ್ ಬಸಾಲ್ಟಿಗೂ ವಯಸ್ಸಿನಲ್ಲಿ, ರಂಧ್ರಗಳಲ್ಲಿ, ರಂಧ್ರ ತುಂಬಿರುವ ಖನಿಜಗಳಲ್ಲಿ ಅಂತರವಿದೆ. ಆ ಅಂತರವೇ ಸಂಶೋಧನೆಯ ವಿಷಯ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಕಬ್ಬಿಣದ ಅದಿರಿನಿಂದ ಸಿಲಿಕಾ ಬೇರ್ಪಡಿಸುವುದು ಜಗತ್ತಿಗೆ ಚೆನ್ನಾಗಿ ಗೊತ್ತಿರುವ ಕೆಲಸ. ಬ್ರೆಜಿಲ್‌ನಲ್ಲಿ ಕ್ಷಾರೀಯ ನೀರಿನಲ್ಲಿ ಪಿಷ್ಟ ಹಾಕಿ ಕಬ್ಬಿಣದ ಖನಿಜವಾದ ಹೆಮಟೈಟನ್ನು ಕೆಳಗೆ ಕೂರಿಸುತ್ತಾರೆ, ಅಮೀನ್ ಹಾಕಿ ಸಿಲಿಕಾದ ಖನಿಜವಾದ ಕ್ವಾರ್ಟ್ಸನ್ನು ನೊರೆಯ ಜೊತೆ ಮೇಲೆತ್ತುತ್ತಾರೆ. ಕ್ವಾರ್ಟ್ಸ್‌ನ ಮೇಲ್ಮೈ ಆವೇಶ ಸುಮಾರು ಪಿಎಚ್ 2ರಲ್ಲೇ ಸೊನ್ನೆಯಾಗುತ್ತದೆ. ಅದಕ್ಕಿಂತ ಹೆಚ್ಚಿನ ಪಿಎಚ್‌ನಲ್ಲೆಲ್ಲ ಋಣಾವೇಶ. ಹೆಮಟೈಟ್‌ನ ಸೊನ್ನೆ ಬಿಂದು ಬಹಳ ಮೇಲೆ, ಶುದ್ಧ ಮಾದರಿಯಲ್ಲಿ 8ರ ಆಸುಪಾಸು. ಇಷ್ಟು ಅಂತರವಿದ್ದರೆ ಎರಡನ್ನೂ ಬೇರೆ ಬೇರೆಯಾಗಿ ನಡೆಸಿಕೊಳ್ಳಲು ಜಾಗವಿರುತ್ತದೆ. ಭಾರತದ ಅದಿರಿನ ಕಷ್ಟ ಬೇರೆ. ನಮ್ಮಲ್ಲಿ ಕಾಡುವುದು ಸಿಲಿಕಾಕ್ಕಿಂತ ಹೆಚ್ಚಾಗಿ ಅಲ್ಯೂಮಿನಾ, ಅದೂ ಕಯೋಲಿನೈಟ್ ಎಂಬ ಜೇಡಿ ಖನಿಜ ಮತ್ತು ಗಿಬ್‌ಸೈಟ್ ಎಂಬ ಅಲ್ಯೂಮಿನಿಯಂ ಖನಿಜದ ರೂಪದಲ್ಲಿ, ಗೋಥೈಟ್ ಎಂಬ ನುಣ್ಣನೆಯ ಕಬ್ಬಿಣದ ಖನಿಜದ ಜೊತೆ ಹೆಣೆದುಕೊಂಡು. ಗಿಬ್‌ಸೈಟ್ ಮತ್ತು ಗೋಥೈಟ್ ಎರಡೂ ಹೈಡ್ರಾಕ್ಸಿಲ್ ತುಂಬಿದ ಮೇಲ್ಮೈಗಳು, ಎರಡರ ಸೊನ್ನೆ ಬಿಂದುಗಳೂ ಹತ್ತಿರ ಹತ್ತಿರ. ಒಂದಕ್ಕೆ ಅಂಟುವ ರಾಸಾಯನಿಕ ಇನ್ನೊಂದಕ್ಕೂ ಅಂಟುತ್ತದೆ. ಕಯೋಲಿನೈಟ್ ಇನ್ನೂ ತೊಡಕಿನದು: ಅದರ ತಟ್ಟೆಯಂತಹ ಕಣಕ್ಕೆ ಒಂದು ಮುಖ ಸಿಲಿಕಾದ್ದು, ಇನ್ನೊಂದು ಅಲ್ಯೂಮಿನಾದ್ದು, ಅಂಚಿನ ರಸಾಯನ ಮೂರನೆಯದೇ. ಹೀಗಾಗಿ ಸ್ಲೈಮ್ ಎಂದು ಕರೆಯುವ ಆ ಅತಿನುಣ್ಣನೆಯ ರಾಡಿ ಇನ್ನೂ ದೊಡ್ಡ ಪ್ರಮಾಣದಲ್ಲಿ ಹೊಂಡಗಳಲ್ಲೇ ಉಳಿದಿದೆ.

ಇಂಥ ಪ್ರಶ್ನೆ ಸಿಕ್ಕರೆ ಪಿಎಚ್‌.ಡಿ.ಯ ಅರ್ಧ ಗೆದ್ದಂತೆ. ಖನಿಜದ ಹೆಸರಿದೆ, ಜಾಗದ ಹೆಸರಿದೆ, ಏಕೆ ಕಷ್ಟ ಎಂಬುದಕ್ಕೆ ರಾಸಾಯನಿಕ ಕಾರಣವಿದೆ, ಉತ್ತರ ಸಿಕ್ಕರೆ ಕೇಳುವವರಿದ್ದಾರೆ. ಇದಕ್ಕೆ ಹೋಲಿಸಿ ನೋಡಿ: ಕೃಷಿ ತ್ಯಾಜ್ಯ ಸುಟ್ಟು ಇದ್ದಿಲು ಮಾಡಿ, ಶುದ್ಧ ನೀರಿನಲ್ಲಿ ಮಿಥಿಲೀನ್ ಬ್ಲೂ ಬಣ್ಣ ಕರಗಿಸಿ, ಎಷ್ಟು ಹೀರಿಕೊಂಡಿತೆಂದು ಲ್ಯಾಂಗ್‌ಮ್ಯೂರ್ ಸಮೀಕರಣಕ್ಕೆ ಹೊಂದಿಸಿ ಪ್ರಬಂಧ ಬರೆಯುವುದು. ಅಂಥ ಪ್ರಬಂಧಗಳು ಈಗಾಗಲೇ ರಾಶಿ ರಾಶಿ ಇವೆ. ಅವುಗಳಲ್ಲಿ ಬಹುತೇಕವು ಮೇಲ್ಮೈಯ ಬಗ್ಗೆ ಹೊಸದೇನನ್ನೂ ಹೇಳುವುದಿಲ್ಲ. ನಿಮ್ಮ ಯೌವನದ ನಾಲ್ಕೈದು ವರ್ಷಗಳನ್ನು ಅದಕ್ಕೆ ಕೊಡಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ನೀರಿನ ಮಾತು ಬೇರೆಯಾಗಿಯೇ ಹೇಳಬೇಕು. ಕಾರ್ಖಾನೆಯಲ್ಲಿ ತಿರುಗಿ ತಿರುಗಿ ಬಳಕೆಯಾಗುವ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸಲ್ಫೇಟ್, ಹಳೆಯ ರಾಸಾಯನಿಕಗಳ ಉಳಿಕೆ ಎಲ್ಲ ಇರುತ್ತವೆ. ಬಟ್ಟಿ ಇಳಿಸಿದ ನೀರಿನಲ್ಲಿ ಸೊಗಸಾಗಿ ಬಂದ ಫಲಿತಾಂಶ ಆ ನೀರಿನಲ್ಲಿ ಕುಸಿಯುವುದು ಸಾಮಾನ್ಯ. ಹಾಗೆಯೇ ಯಾದಗಿರಿ, ರಾಯಚೂರು ಜಿಲ್ಲೆಗಳ ಚಿನ್ನದ ಶಿಲಾಪಟ್ಟಿಯ ಹಳ್ಳಿಗಳ ಅಂತರ್ಜಲದಲ್ಲಿ ಆರ್ಸೆನಿಕ್ ಇದೆ ಎಂದಾಗ, ಅದರ ಜೊತೆಗೆ ಬರುವ ಬೈಕಾರ್ಬೊನೇಟ್, ಫಾಸ್ಫೇಟ್, ಕರಗಿದ ಸಿಲಿಕಾಗಳೂ ಅದೇ ಮೇಲ್ಮೈಗಾಗಿ ಪೈಪೋಟಿ ನಡೆಸುತ್ತವೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಆರ್ಸೆನಿಕ್ ಲೀಟರಿಗೆ 0.01 ಮಿಲಿಗ್ರಾಂ, ಫ್ಲೋರೈಡ್‌ಗೆ 1 ಮಿಲಿಗ್ರಾಂ, ಬೇರೆ ನೀರು ಸಿಗದಿದ್ದರೆ 1.5. ನಿಮ್ಮ ಪ್ರಯೋಗ ಈ ಮಟ್ಟದಲ್ಲಿ ನಡೆಯಬೇಕೇ ಹೊರತು ಲೀಟರಿಗೆ 100 ಮಿಲಿಗ್ರಾಂ ಹಾಕಿ ಮಾಡಿದರೆ ಅದು ಆ ಬಾವಿಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಹೆಜ್ಜೆ 2: ತಳಪಾಯ ಗಟ್ಟಿ ಮಾಡಿಕೊಳ್ಳಿ

ರಸಾಯನಶಾಸ್ತ್ರ ಓದಿದವರಿಗೆ ಖನಿಜಶಾಸ್ತ್ರ ಬರುವುದಿಲ್ಲ, ಭೂವಿಜ್ಞಾನ ಓದಿದವರಿಗೆ ವಿದ್ಯುತ್ ದ್ವಿಪದರ (ಆವೇಶವಿರುವ ಮೇಲ್ಮೈಯ ಸುತ್ತ ಅಯಾನುಗಳು ಕಟ್ಟುವ ಪದರ) ಗೊತ್ತಿರುವುದಿಲ್ಲ, ಎಂಜಿನಿಯರಿಂಗ್ ಓದಿದವರಿಗೆ ಎರಡೂ ಅರೆಬರೆ. ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ, ಈ ಕ್ಷೇತ್ರ ಇರುವುದೇ ಮೂರರ ಸಂಧಿಯಲ್ಲಿ. ನಿಮ್ಮಲ್ಲಿ ಕೊರತೆಯಿರುವ ಎರಡನ್ನು ತುಂಬಿಕೊಳ್ಳಿ. ರಸಾಯನಶಾಸ್ತ್ರದವರು ಖನಿಜಗಳ ಸ್ಫಟಿಕ ರಚನೆ ಮತ್ತು ಎಕ್ಸ್‌-ರೇ ವಿವರ್ತನೆಯ ನಕ್ಷೆ ಓದುವುದನ್ನು ಕಲಿಯಲಿ. ಭೂವಿಜ್ಞಾನದವರು ಸಮತೋಲನ ಸ್ಥಿರಾಂಕಗಳ ಲೆಕ್ಕ, ಜಲವಿಚ್ಛೇದನೆ, ಕೊಲಾಯ್ಡ್‌ಗಳ ಪಾಠಕ್ಕೆ ಕೂರಲಿ.

ಎಲ್ಲರೂ ಕಲಿಯಲೇಬೇಕಾದ ಒಂದು ತಂತ್ರಾಂಶವಿದೆ: ಅಮೆರಿಕದ ಭೂಸರ್ವೇಕ್ಷಣ ಸಂಸ್ಥೆಯ ಫ್ರೀಕ್ಯುಸಿ. ಅದು ಉಚಿತ. ನಿಮ್ಮ ದ್ರಾವಣದಲ್ಲಿ ಯಾವ ಪಿಎಚ್‌ನಲ್ಲಿ ಯಾವ ಅಯಾನು ಯಾವ ರೂಪದಲ್ಲಿದೆ, ಯಾವುದು ಗಸಿಯಾಗಿ ಇಳಿಯುತ್ತದೆ ಎಂದು ಅದು ಹೇಳುತ್ತದೆ. ಅಧಿಶೋಷಣೆ, ಅಂದರೆ ಮೇಲ್ಮೈಗೆ ಅಂಟಿಕೊಂಡದ್ದು, ಎಂದು ಪ್ರಕಟವಾದ ಎಷ್ಟೋ ಫಲಿತಾಂಶಗಳು ನಿಜದಲ್ಲಿ ಲೋಹದ ಹೈಡ್ರಾಕ್ಸೈಡ್ ಗಸಿಯಾಗಿ ಇಳಿದದ್ದು ಮಾತ್ರ. ಪ್ರಯೋಗಕ್ಕೆ ಮುಂಚೆ ಒಂದು ಸಂಜೆ ಕೂತು ಲೆಕ್ಕ ಹಾಕಿದರೆ ಈ ಅಪಾಯ ತಪ್ಪುತ್ತದೆ.

ಇತಿಹಾಸವನ್ನೂ ಸ್ವಲ್ಪ ಓದಿಕೊಳ್ಳಿ, ಅದರಲ್ಲಿ ಬೆಂಗಳೂರಿಗೂ ಪಾಲಿದೆ. ಕೇರಳದಲ್ಲಿ ಹುಟ್ಟಿದ ಪಿ. ಸೋಮಸುಂದರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಲೋಹಶಾಸ್ತ್ರ ಓದಿ, ಬರ್ಕ್ಲಿಯಲ್ಲಿ ಡಿ. ಡಬ್ಲ್ಯು. ಫ್ಯೂರ್‌ಸ್ಟೆನೌ ಅವರ ಬಳಿ ಪಿಎಚ್‌.ಡಿ. ಮಾಡಿದರು. 1966ರಲ್ಲಿ ಇಬ್ಬರೂ ಸೇರಿ ಅಲ್ಯೂಮಿನಾದ ಮೇಲೆ ಸಾಬೂನಿನಂಥ ಸಲ್ಫೊನೇಟ್ ಅಣುಗಳು ಕೂರುವ ಬಗೆಯನ್ನು ಬಿಡಿಸಿ ತೋರಿಸಿದರು: ಒಂದು ಸಾಂದ್ರತೆ ದಾಟಿದೊಡನೆ ಅಣುಗಳು ಮೇಲ್ಮೈಯಲ್ಲೇ ಗುಂಪುಗೂಡುತ್ತವೆ, ಅಧಿಶೋಷಣೆ ಕಡಿದಾಗಿ ಏರುತ್ತದೆ. ಆ ಪ್ರಬಂಧದಲ್ಲಿ ದುಬಾರಿ ಉಪಕರಣವೇನೂ ಇಲ್ಲ. ಅಧಿಶೋಷಣೆಯ ಅಳತೆಯನ್ನೂ ಆವೇಶದ ಅಳತೆಯನ್ನೂ ಜೊತೆಗಿಟ್ಟು ನೋಡಿದ ತೀಕ್ಷ್ಣ ಬುದ್ಧಿಯಿದೆ. ಐಐಎಸ್‌ಸಿಯಲ್ಲೇ ಕೆ. ಎ. ನಟರಾಜನ್ ಸೂಕ್ಷ್ಮಾಣುಗಳನ್ನು ಖನಿಜ ಬೇರ್ಪಡಿಸಲು ಬಳಸುವ ಕೆಲಸವನ್ನು ದಶಕಗಳ ಕಾಲ ನಡೆಸಿದರು. ವಿಷಕಾರಿ ರಾಸಾಯನಿಕಗಳಿಗೆ ಬದಲಿ ಹುಡುಕುವವರಿಗೆ ಆ ಪ್ರಬಂಧಗಳು ಇಂದಿಗೂ ಒಳ್ಳೆಯ ಆರಂಭ.

ಹೆಜ್ಜೆ 3: ಒಂದು ಅಳತೆಯನ್ನು ಕೈವಶ ಮಾಡಿಕೊಳ್ಳಿ

ಹತ್ತು ಉಪಕರಣಗಳ ಹೆಸರು ಹೇಳುವವರಿಗಿಂತ ಒಂದನ್ನು ಒಳಹೊಕ್ಕು ಬಲ್ಲವರನ್ನು ಸಂದರ್ಶನದಲ್ಲಿ ಬೇಗ ಗುರುತಿಸುತ್ತಾರೆ. ಆ ಒಂದು ಜೀಟಾ ವಿಭವ, ಅಂದರೆ ನೀರಿನಲ್ಲಿರುವ ಕಣದ ಮೇಲ್ಮೈ ಆವೇಶವನ್ನು ಸೂಚಿಸುವ ವಿದ್ಯುತ್ ಅಳತೆ, ಆಗಿರಲಿ ಎಂಬುದು ನನ್ನ ಸಲಹೆ, ಏಕೆಂದರೆ ಅದು ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಸಿಗುತ್ತದೆ ಮತ್ತು ಅತಿ ಹೆಚ್ಚು ತಪ್ಪುಗಳಾಗುವುದೂ ಅಲ್ಲೇ.

ಕ್ವಾರ್ಟ್ಸ್‌ನಿಂದ ಶುರು ಮಾಡಿ. ಉತ್ತರ ಗೊತ್ತಿರುವ ಖನಿಜ ಅದು, ಆದ್ದರಿಂದ ನಿಮ್ಮ ಕೈಯನ್ನು ಪರೀಕ್ಷಿಸಿಕೊಳ್ಳಲು ಯೋಗ್ಯ. ಅರೆಯುವಾಗ ಉಕ್ಕಿನ ಪಾತ್ರೆ ಬಳಸಿದ್ದರೆ ಕಬ್ಬಿಣದ ಸೂಕ್ಷ್ಮ ಲೇಪ ಕುಳಿತಿರುತ್ತದೆ. ಅಗೇಟ್ ಪಾತ್ರೆಯೇ ಬೇಕು. ಅರೆದ ಪುಡಿಯನ್ನು ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆಯಿರಿ. ಆಮೇಲೆ ಶುದ್ಧ ನೀರಿನಲ್ಲಿ ತೊಳೆಯುತ್ತಾ ಹೋಗಿ, ತೊಳೆದ ನೀರಿನ ವಾಹಕತೆ ಹೊಸ ನೀರಿನ ವಾಹಕತೆಗೆ ಸಮನಾಗುವವರೆಗೆ. ಈ ತೊಳೆಯುವಿಕೆ ಬೇಸರದ ಕೆಲಸ. ಆದರೆ ಫಲಿತಾಂಶ ನಿಲ್ಲುವುದು ಬೀಳುವುದು ಇಲ್ಲೇ. ಹಿನ್ನೆಲೆಗೆ 1 ಮಿಲಿಮೋಲಾರ್ ಪೊಟ್ಯಾಸಿಯಂ ನೈಟ್ರೇಟ್ ಇರಲಿ, ಅಯಾನುಗಳ ಬಲ ಪ್ರತಿ ಬಿಂದುವಿನಲ್ಲೂ ಸಾಧ್ಯವಾದಷ್ಟು ಒಂದೇ ಆಗಿರಬೇಕು. ಪಿಎಚ್ ಹೊಂದಿಸಿದ ಮೇಲೆ ಕಾಯಿರಿ, ಅಳತೆಗೆ ಮುಂಚೆ ಇನ್ನೊಮ್ಮೆ ನೋಡಿ: ಕ್ಷಾರೀಯ ಬದಿಯಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿ ಪಿಎಚ್ ಇಳಿಯುತ್ತಿರುತ್ತದೆ. ಕ್ಷಾರೀಯ ದ್ರಾವಣವನ್ನು ಗಾಜಿನ ಶೀಸೆಯಲ್ಲಿ ಇಡಬೇಡಿ, ಗಾಜಿನಿಂದ ಸಿಲಿಕಾ ಕರಗಿ ಬಂದು ಬೇರೆ ಖನಿಜಗಳ ಮೇಲೆ ಕೂರುತ್ತದೆ. ಪಾಲಿಪ್ರೊಪಿಲೀನ್ ಬಾಟಲಿ ವಾಸಿ. ಹೋಗುವಾಗ ಆಮ್ಲದಿಂದ ಕ್ಷಾರಕ್ಕೆ, ಬರುವಾಗ ಕ್ಷಾರದಿಂದ ಆಮ್ಲಕ್ಕೆ ಎರಡೂ ದಿಕ್ಕಿನಲ್ಲಿ ಅಳೆಯಿರಿ. ಎರಡು ರೇಖೆಗಳು ಹೊಂದದಿದ್ದರೆ ಮೇಲ್ಮೈ ಕರಗುತ್ತಿದೆ ಅಥವಾ ಏನೋ ಅದರ ಮೇಲೆ ಕೂರುತ್ತಿದೆ ಎಂದೇ ಅರ್ಥ.

ಇಷ್ಟು ಪಳಗಿದ ಮೇಲೆ ಕಯೋಲಿನೈಟ್ ಕೈಗೆತ್ತಿಕೊಳ್ಳಿ. ಯಂತ್ರ ಒಂದೇ ಒಂದು ಸಂಖ್ಯೆ ಕೊಡುತ್ತದೆ. ಅದರ ಹಿಂದಿನ ಸಮೀಕರಣ ಕಣದ ಮೇಲೆಲ್ಲ ಆವೇಶ ಸಮವಾಗಿ ಹರಡಿದೆ ಎಂದು ಭಾವಿಸಿಕೊಂಡಿರುತ್ತದೆ. ಆದರೆ ಕಯೋಲಿನೈಟ್‌ಗೆ ಮೂರು ಬಗೆಯ ಮೇಲ್ಮೈಗಳಿವೆ ಎಂದು ಮೇಲೆ ನೋಡಿದೆವು. ಆ ಒಂದು ಸಂಖ್ಯೆಯಲ್ಲಿ ಮೂರೂ ಬೆರೆತುಹೋಗಿವೆ. ಈ ಮಿತಿಯನ್ನು ಅರಿತವರು ಮಾತ್ರ ಪರಮಾಣು ಬಲ ಸೂಕ್ಷ್ಮದರ್ಶಕದಿಂದ ಪ್ರತಿ ಮುಖವನ್ನೂ ಬೇರೆಯಾಗಿ ಅಳೆಯುವುದು ಏಕೆ ಬೇಕಾಗುತ್ತದೆ ಎಂಬುದನ್ನು ವಿವರಿಸಬಲ್ಲರು. ಪ್ರಸ್ತಾವನೆಯಲ್ಲಿ ದೊಡ್ಡ ಉಪಕರಣ ಕೇಳುವ ಹಕ್ಕು ಅವರಿಗೆ ಬರುತ್ತದೆ.

ಉಳಿದ ತಂತ್ರಗಳನ್ನು ಬೇಕಾದಂತೆ ಸೇರಿಸಿಕೊಳ್ಳಿ. ಸುಮಾರು ಒಂದು ಗ್ರಾಂ ಖನಿಜದಲ್ಲಿ ತೇಲಿಕೆಯನ್ನು ಪರೀಕ್ಷಿಸುವ ಹ್ಯಾಲಿಮಂಡ್ ನಳಿಗೆಯನ್ನು ಊರಿನ ಒಳ್ಳೆಯ ಗಾಜು ಊದುವವರಿಂದಲೇ ಮಾಡಿಸಬಹುದು. ಮೇಲ್ಮೈಯ ಮೇಲಿನ ಅಣು ಯಾವ ಬಂಧದಲ್ಲಿದೆ ಎಂದು ಅವಗೆಂಪು ರೋಹಿತ ಹೇಳುತ್ತದೆ. ಎಕ್ಸ್‌ಪಿಎಸ್ (ಎಕ್ಸ್‌-ರೇ ಫೋಟೊಎಲೆಕ್ಟ್ರಾನ್ ರೋಹಿತ) ಮೇಲಿನ ಕೆಲವೇ ನ್ಯಾನೋಮೀಟರ್‌ಗಳನ್ನು ತೋರಿಸುತ್ತದೆ, ಆದರೆ ನಿರ್ವಾತದಲ್ಲಿ. ಒಣಗಿದ ಮೇಲ್ಮೈ ಒದ್ದೆ ಮೇಲ್ಮೈಯಂತೆಯೇ ಇದೆ ಎಂದು ನಂಬುವ ಮುಂಚೆ ಯೋಚಿಸಿ. ಪ್ರಯೋಗಾಲಯದ ಸೌಲಭ್ಯವಿಲ್ಲದ ಊರಿನವರಿಗೆ ಗಣಕ ಸಿಮ್ಯುಲೇಶನ್ ನಿಜಕ್ಕೂ ತೆರೆದ ಬಾಗಿಲು. ಲ್ಯಾಂಪ್ಸ್, ಕ್ವಾಂಟಮ್ ಎಸ್ಪ್ರೆಸೊ ಎರಡೂ ಉಚಿತ ತಂತ್ರಾಂಶಗಳು. ಜೇಡಿ ಖನಿಜಗಳಿಗೆಂದೇ 2004ರಲ್ಲಿ ಬಂದ ಕ್ಲೇಎಫ್ಎಫ್ ಬಲಕ್ಷೇತ್ರ (ಪರಮಾಣುಗಳ ನಡುವಿನ ಬಲಗಳನ್ನು ಲೆಕ್ಕ ಹಾಕುವ ಸೂತ್ರಗಳ ಗುಚ್ಛ) ಇಂದಿಗೂ ಬಳಕೆಯಲ್ಲಿದೆ. ಆದರೆ ಯಾರಾದರೂ ಅಳೆದು ನೋಡಬಹುದಾದ ಒಂದು ಸಂಖ್ಯೆಯನ್ನಾದರೂ ಮುಂಗಾಣದ ಸಿಮ್ಯುಲೇಶನ್ ಚಂದದ ಚಿತ್ರವಾಗಿಯೇ ಉಳಿಯುತ್ತದೆ.

ಹೆಜ್ಜೆ 4: ಪ್ರಯೋಗಾಲಯ ಹುಡುಕಿ

ಭಾರತದಲ್ಲಿ ಈ ಕೆಲಸ ಒಂದೇ ಹೆಸರಿನ ವಿಭಾಗದಲ್ಲಿ ಸಿಗುವುದಿಲ್ಲ. ಧನಬಾದ್‌ನ ಐಐಟಿಯಲ್ಲಿ ಇಂಧನ, ಖನಿಜ ಮತ್ತು ಲೋಹ ಎಂಜಿನಿಯರಿಂಗ್ ವಿಭಾಗ, ಬೆಂಗಳೂರಿನ ಐಐಎಸ್‌ಸಿಯಲ್ಲಿ ವಸ್ತು ಎಂಜಿನಿಯರಿಂಗ್ ಮತ್ತು ಭೂವಿಜ್ಞಾನ ವಿಭಾಗಗಳು, ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಗಣಿ ಮತ್ತು ಲೋಹ ವಿಭಾಗಗಳು, ಹೀಗೆ ಹರಿದು ಹಂಚಿಹೋಗಿದೆ. ಕೇಂದ್ರದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತಿನ, ಅಂದರೆ ಸಿಎಸ್‌ಐಆರ್‌ನ, ಎರಡು ಪ್ರಯೋಗಾಲಯಗಳು ಮುಖ್ಯ: ಭುವನೇಶ್ವರದ ಖನಿಜ ಮತ್ತು ವಸ್ತು ತಂತ್ರಜ್ಞಾನ ಸಂಸ್ಥೆ, ಜಮ್ಷೆಡ್‌ಪುರದ ರಾಷ್ಟ್ರೀಯ ಲೋಹಶಾಸ್ತ್ರ ಪ್ರಯೋಗಾಲಯ. ಅದಿರು, ಪ್ರಾಯೋಗಿಕ ಘಟಕ, ಮೇಲ್ಮೈ ವಿಶ್ಲೇಷಣೆ ಮೂರೂ ಒಂದೇ ಆವರಣದಲ್ಲಿ ಸಿಗುವ ಜಾಗಗಳು ಇವು. ಅಲ್ಯೂಮಿನಿಯಂ ಮತ್ತು ಬಾಕ್ಸೈಟ್ ಆಸಕ್ತಿಯಿದ್ದರೆ ನಾಗ್ಪುರದ ಜವಾಹರಲಾಲ್ ನೆಹರು ಅಲ್ಯೂಮಿನಿಯಂ ಸಂಶೋಧನಾ ಕೇಂದ್ರ ನೋಡಿ.

ನಮ್ಮ ಓದುಗರಲ್ಲಿ ಅನೇಕರಿಗೆ ತಿಳಿಯದ ಜಾಗವೊಂದಿದೆ: ಸಂಡೂರು ತಾಲ್ಲೂಕಿನ ನಂದಿಹಳ್ಳಿಯ ಸ್ನಾತಕೋತ್ತರ ಕೇಂದ್ರದಲ್ಲಿರುವ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಖನಿಜ ಸಂಸ್ಕರಣಾ ವಿಭಾಗ. ಗಣಿಗಳ ನಡುವೆಯೇ ಇರುವುದರಿಂದ ಮಾದರಿಗೂ ಕಾರ್ಖಾನೆಯ ನೀರಿಗೂ ಹತ್ತಿರ. ಹೆಸರಾಂತ ಸಂಸ್ಥೆಯಲ್ಲಿ ಪ್ರವೇಶ ಸಿಗಲಿಲ್ಲ ಎಂದು ಕುಗ್ಗುವವರು ಇಂಥ ವಿಭಾಗಗಳ ಸಾಮರ್ಥ್ಯವನ್ನು ಗಂಭೀರವಾಗಿ ಪರಿಗಣಿಸಬೇಕು. ಒಳ್ಳೆಯ ಅದಿರಿನ ಪ್ರಶ್ನೆ ಅಲ್ಲಿ, ಸೂಕ್ಷ್ಮ ಅಳತೆ ಬೆಂಗಳೂರಿನಲ್ಲಿ ಎಂಬ ಜೋಡಿ ಮಾರ್ಗದರ್ಶನಕ್ಕೆ ಪ್ರಯತ್ನಿಸಬಹುದು.

ಪದವಿಯಲ್ಲಿರುವಾಗಲೇ ರುಚಿ ನೋಡಲು ಭಾರತೀಯ ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಎರಡು ತಿಂಗಳ ಬೇಸಿಗೆ ಸಂಶೋಧನಾ ಫೆಲೋಶಿಪ್ ಬಹಳ ಒಳ್ಳೆಯದು. ವಿದ್ಯಾರ್ಥಿಗಳಿಗಷ್ಟೇ ಅಲ್ಲ, ಕಾಲೇಜು ಅಧ್ಯಾಪಕರಿಗೂ ಅದರಲ್ಲಿ ಅವಕಾಶವಿದೆ.

ಹೆಜ್ಜೆ 5: ಮಾರ್ಗದರ್ಶಕರಿಗೆ ಪತ್ರ ಬರೆಯಿರಿ

ಪ್ರಾಧ್ಯಾಪಕರಿಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು: ನಿಮ್ಮ ಮಹತ್ವದ ಸಂಶೋಧನೆಯಿಂದ ಪ್ರಭಾವಿತನಾಗಿದ್ದೇನೆ, ಅವಕಾಶ ಕೊಡಿ, ಲಗತ್ತು ನೋಡಿ. ಯಾರಿಗೆ ಬರೆದರೂ ಸಲ್ಲುವ ಪತ್ರಕ್ಕೆ ಉತ್ತರ ಬಾರದಿದ್ದರೆ ಆಶ್ಚರ್ಯವಿಲ್ಲ. ಹತ್ತು ಸಾಲು ಸಾಕು. ಅವರ ಒಂದು ಪ್ರಬಂಧವನ್ನು ನಿಜವಾಗಿ ಓದಿ, ಅದರಲ್ಲಿ ನಿಮಗೆ ಎದ್ದ ಒಂದು ಪ್ರಶ್ನೆ ಕೇಳಿ. ಉದಾಹರಣೆಗೆ: ‘ಪಿಷ್ಟ ಗೋಥೈಟ್‌ನ ಮೇಲೆ ಕೂರುವುದನ್ನು ನೀವು ಶುದ್ಧ ನೀರಿನಲ್ಲಿ ತೋರಿಸಿದ್ದೀರಿ. ಕ್ಯಾಲ್ಸಿಯಂ ಇರುವ ನೀರಿನಲ್ಲಿ ಅದು ಗಿಬ್‌ಸೈಟ್‌ನ ಮೇಲೂ ಕೂರಬಹುದೇ? ನನ್ನ ಎಂ.ಎಸ್ಸಿ. ಪ್ರಾಜೆಕ್ಟಿನಲ್ಲಿ ಜೀಟಾ ವಿಭವ ಅಳೆದಿದ್ದೇನೆ; ಈ ಪ್ರಶ್ನೆಯ ಮೇಲೆ ಕೆಲಸ ಮಾಡುವ ಆಸೆಯಿದೆ.’ ಇಷ್ಟರಲ್ಲಿ ನೀವು ಓದಿದ್ದೀರಿ, ಯೋಚಿಸಿದ್ದೀರಿ, ಕೈಕೆಲಸ ಬಲ್ಲಿರಿ ಎಂಬ ಮೂರೂ ತಿಳಿಯುತ್ತವೆ.

ಸೇರುವ ಮುಂಚೆ ಆ ಪ್ರಯೋಗಾಲಯದ ಈಗಿನ ವಿದ್ಯಾರ್ಥಿಗಳ ಜೊತೆ ಮಾತನಾಡಿ. ಪಿಎಚ್‌.ಡಿ. ಮುಗಿಯಲು ಎಷ್ಟು ವರ್ಷ ಹಿಡಿಯುತ್ತಿದೆ, ಉಪಕರಣ ಕೆಟ್ಟರೆ ಏನು ಮಾಡುತ್ತಾರೆ, ಹಳೆಯ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ ಎಂದು ಸಂಕೋಚವಿಲ್ಲದೆ ಕೇಳಿ. ಮದುವೆ, ಮಕ್ಕಳು, ಹಿರಿಯರ ಆರೈಕೆಯ ಹೊಣೆ ಇರುವ ಹೆಣ್ಣುಮಕ್ಕಳು ರಜೆ ಮತ್ತು ವಸತಿಯ ವಿಚಾರವನ್ನೂ ಈಗಲೇ ಕೇಳಿಕೊಳ್ಳುವುದು ಒಳ್ಳೆಯದು.

ಹೆಜ್ಜೆ 6: ಹಣದ ದಾರಿ

ಪಿಎಚ್‌.ಡಿ.ಗೆ ಮುಖ್ಯ ಬಾಗಿಲುಗಳು ಸಿಎಸ್‌ಐಆರ್-ಯುಜಿಸಿ ನೆಟ್ ಮತ್ತು ಗೇಟ್. ನೆಟ್‌ನಲ್ಲಿ ರಾಸಾಯನಿಕ ವಿಜ್ಞಾನ ಅಥವಾ ಭೂವಿಜ್ಞಾನ ಪತ್ರಿಕೆ, ಗೇಟ್‌ನಲ್ಲಿ ರಸಾಯನಶಾಸ್ತ್ರ, ಭೂವಿಜ್ಞಾನ, ಲೋಹ, ಗಣಿ, ಕೆಮಿಕಲ್ ಎಂಜಿನಿಯರಿಂಗ್ ಇವುಗಳಲ್ಲಿ ನಿಮಗೆ ಹೊಂದುವುದು. ಕಿರಿಯ ಸಂಶೋಧನಾ ಫೆಲೋಗಳಿಗೆ 2023ರ ಜನವರಿಯಿಂದ ತಿಂಗಳಿಗೆ ₹37,000, ಹಿರಿಯ ಫೆಲೋಗಳಿಗೆ ₹42,000, ಜೊತೆಗೆ ನಿಯಮದಂತೆ ಮನೆ ಬಾಡಿಗೆ ಭತ್ಯೆ. ಎಂ.ಎಸ್ಸಿ.ಯಲ್ಲಿ ವಿಶ್ವವಿದ್ಯಾಲಯಕ್ಕೆ ಮೊದಲ ಸ್ಥಾನ ಬಂದವರು ಇನ್‌ಸ್ಪೈರ್ ಫೆಲೋಶಿಪ್ ಮರೆಯಬಾರದು. ಕರ್ನಾಟಕದಲ್ಲಿ ಓದುತ್ತಿರುವವರಿಗೆ ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ಪ್ರೋತ್ಸಾಹಕ ಸಂಸ್ಥೆ, ಅಂದರೆ ಕೆಸ್ಟೆಪ್ಸ್, ಮೂಲಕ ಪಿಎಚ್‌.ಡಿ. ಫೆಲೋಶಿಪ್ ಇದೆ, ರಾಷ್ಟ್ರ ಮಟ್ಟದ ಸ್ಪರ್ಧೆಗಿಂತ ಇಲ್ಲಿ ಸ್ಪರ್ಧಿಸುವವರ ಸಂಖ್ಯೆ ಕಡಿಮೆ. ಮೊತ್ತ, ವಯೋಮಿತಿಗಳು ಬದಲಾಗುತ್ತಿರುತ್ತವೆ, ಆ ವರ್ಷದ ಅಧಿಸೂಚನೆಯನ್ನೇ ನಂಬಿ.

ಪಿಎಚ್‌.ಡಿ. ನಂತರ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ರಾಷ್ಟ್ರೀಯ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್ ಇದೆ, ಎರಡು ವರ್ಷದ್ದು. ಹಳೆಯ ಎಸ್‌ಇಆರ್‌ಬಿ (ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ) ಈಗ ಈ ಪ್ರತಿಷ್ಠಾನದೊಳಗೆ ಸೇರಿದೆ. ಸ್ವತಂತ್ರವಾಗಿ ಕೆಲಸ ಮಾಡುವ ಗಟ್ಟಿತನ ಬಂದಿದ್ದರೆ ಐದು ವರ್ಷದ ಇನ್‌ಸ್ಪೈರ್ ಫ್ಯಾಕಲ್ಟಿಗೆ ಪ್ರಯತ್ನಿಸಿ. ಹೊಸದಾಗಿ ಕಾಯಂ ಹುದ್ದೆಗೆ ಸೇರಿದ ಅಧ್ಯಾಪಕರಿಗೆ ಪ್ರಧಾನಮಂತ್ರಿ ಆರಂಭಿಕ ವೃತ್ತಿ ಸಂಶೋಧನಾ ಅನುದಾನದಲ್ಲಿ ಮೂರು ವರ್ಷಕ್ಕೆ ₹60 ಲಕ್ಷದವರೆಗೆ ಸಿಗುತ್ತದೆ. ಸೇರಿದ ದಿನದಿಂದಲೇ ಗಡುವಿನ ಗಡಿಯಾರ ಓಡಲು ಶುರುವಾಗುತ್ತದೆ, ಆದ್ದರಿಂದ ಪಾಠದ ಹೊರೆಯ ನೆಪ ಹೇಳಿ ಮುಂದೂಡಬೇಡಿ. ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ದೂರದೃಷ್ಟಿ ಗುಂಪು, ಅಂದರೆ ವಿಜಿಎಸ್‌ಟಿ, ಯುವ ವಿಜ್ಞಾನಿಗಳಿಗೆ ಬೀಜಧನ ಕೊಡುವ ಯೋಜನೆ ನಡೆಸಿಕೊಂಡು ಬಂದಿದೆ. ತಾಲ್ಲೂಕು ಮಟ್ಟದ ಕಾಲೇಜಿನವರಿಗೂ ಅದು ಎಟುಕುತ್ತದೆ.

ನಮ್ಮ ವಿಷಯಕ್ಕೇ ಹತ್ತಿರದ ಹಣ ಗಣಿ ಸಚಿವಾಲಯದ್ದು. ಅದರ ವಿಜ್ಞಾನ ಮತ್ತು ತಂತ್ರಜ್ಞಾನ ಕಾರ್ಯಕ್ರಮಕ್ಕೆ ಸತ್ಯಭಾಮಾ ಎಂಬ ಜಾಲತಾಣದ ಮೂಲಕ ಅರ್ಜಿ ಹಾಕಬೇಕು. 2023ರಲ್ಲಿ ಕೇಂದ್ರ ಸರ್ಕಾರ 30 ನಿರ್ಣಾಯಕ ಖನಿಜಗಳ ಪಟ್ಟಿ ಹೊರಡಿಸಿತು. 2025ರ ಜನವರಿಯಲ್ಲಿ ₹16,300 ಕೋಟಿ ವೆಚ್ಚದ ರಾಷ್ಟ್ರೀಯ ನಿರ್ಣಾಯಕ ಖನಿಜ ಅಭಿಯಾನಕ್ಕೆ ಸಂಪುಟ ಒಪ್ಪಿತು. ಇದರಡಿ ಉತ್ಕೃಷ್ಟತಾ ಕೇಂದ್ರಗಳಾಗಿ ಗುರುತಿಸಿದ ಸಂಸ್ಥೆಗಳಲ್ಲಿ ಭುವನೇಶ್ವರ ಮತ್ತು ಜಮ್ಷೆಡ್‌ಪುರದ ಪ್ರಯೋಗಾಲಯಗಳು, ಧನಬಾದ್, ಬಾಂಬೆ, ಹೈದರಾಬಾದ್, ರೂರ್ಕಿ ಐಐಟಿಗಳು, ಬೆಂಗಳೂರಿನ ಐಐಎಸ್‌ಸಿ ಇವೆ. ಮುಂದಿನ ಕೆಲವು ವರ್ಷ ಪ್ರಾಜೆಕ್ಟ್ ಸಹಾಯಕ, ಸಂಶೋಧನಾ ಸಹವರ್ತಿ ಹುದ್ದೆಗಳಿಗೆ ಈ ಸಂಸ್ಥೆಗಳ ಪ್ರಕಟಣೆಗಳ ಮೇಲೆ ಕಣ್ಣಿಡಿ.

ಹೆಜ್ಜೆ 7: ಇಲ್ಲದ ಉಪಕರಣವನ್ನು ಎರವಲು ಪಡೆಯಿರಿ

2020ರಲ್ಲಿ ಬೆಂಗಳೂರಿನ ವಿಜ್ಞಾನ ಕಾಂಗ್ರೆಸ್‌ನಲ್ಲಿ ಆರಂಭವಾದ ಐ-ಸ್ಟೆಮ್ ಜಾಲತಾಣದಲ್ಲಿ ದೇಶದ ಸಾರ್ವಜನಿಕ ಸಂಸ್ಥೆಗಳ ಉಪಕರಣಗಳ ಪಟ್ಟಿಯಿದೆ, ಸಮಯ ಕಾದಿರಿಸಿ ಶುಲ್ಕ ಕೊಟ್ಟು ಬಳಸಬಹುದು. ತೀವ್ರ ಎಕ್ಸ್‌-ರೇ ಕಿರಣ ಕೊಡುವ ಇಂದೋರ್‌ನ ಇಂಡಸ್-2 ಸಿಂಕ್ರೋಟ್ರಾನ್‌ನಲ್ಲಿ ಎಕ್ಸ್‌-ರೇ ಹೀರಿಕೆಯ ರೋಹಿತ ತೆಗೆದು ಆರ್ಸೆನಿಕ್ ಪರಮಾಣು ಗೋಥೈಟ್‌ನ ಮೇಲೆ ಎಷ್ಟು ದೂರದಲ್ಲಿ, ಯಾವ ಜೋಡಣೆಯಲ್ಲಿ ಕುಳಿತಿದೆ ಎಂದು ನೋಡಬಹುದು. ಒಂದು ಎಚ್ಚರ: ಅಂಚೆಯಲ್ಲಿ ಮಾದರಿ ಕಳಿಸಿ ಫಲಿತಾಂಶಕ್ಕೆ ಕಾಯಬೇಡಿ. ಸಾಧ್ಯವಾದಾಗಲೆಲ್ಲ ನೀವೇ ಹೋಗಿ ಯಂತ್ರದ ಪಕ್ಕ ಕೂತುಕೊಳ್ಳಿ. ನಿಮ್ಮ ಮಾದರಿ ಗಾಳಿಗೆ ತೆರೆದಿಟ್ಟರೆ ಹಾಳಾಗುತ್ತದೆ ಎಂಬುದು ಅಲ್ಲಿನ ತಾಂತ್ರಿಕ ಸಿಬ್ಬಂದಿಗೆ ಗೊತ್ತಿರಬೇಕೆಂದಿಲ್ಲ.

ಹೆಜ್ಜೆ 8: ಹೊರದೇಶಕ್ಕೆ ಹೋಗುವುದಾದರೆ

ಜರ್ಮನಿಯ ಫ್ರೈಬರ್ಗ್‌ನಲ್ಲಿ 1765ರಲ್ಲಿ ಸ್ಥಾಪನೆಯಾದ ಗಣಿ ವಿಶ್ವವಿದ್ಯಾಲಯವೂ 2011ರಲ್ಲಿ ಶುರುವಾದ ಹೆಲ್ಮ್‌ಹೋಲ್ಟ್ಸ್ ಸಂಪನ್ಮೂಲ ಸಂಸ್ಥೆಯೂ ಇವೆ. ಸ್ವೀಡನ್ನಿನ ಲುಲಿಯೊ, ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂಕ್ಯಾಸಲ್, ದಕ್ಷಿಣ ಆಫ್ರಿಕದ ಕೇಪ್‌ಟೌನ್, ಕೆನಡಾದ ಬ್ರಿಟಿಷ್ ಕೊಲಂಬಿಯಾ, ಅಮೆರಿಕದ ಯೂಟಾ ಮತ್ತು ಕೊಲರಾಡೊ ಈ ವಿಷಯದ ಹಳೆಯ ನೆಲೆಗಳು. ಪಿಎಚ್‌.ಡಿ. ನಡುವೆ ಕೆಲವು ತಿಂಗಳು ಹೋಗಿಬರಲು ಫುಲ್‌ಬ್ರೈಟ್-ನೆಹರು ಅಥವಾ ಫ್ರಾನ್ಸ್‌ನ ರಾಮನ್-ಶಾರ್ಪಾಕ್ ಫೆಲೋಶಿಪ್ ಇವೆ. ಪಿಎಚ್‌.ಡಿ. ನಂತರ ಹುಂಬೋಲ್ಟ್ ಫೆಲೋಶಿಪ್‌ಗೆ ವರ್ಷದ ಯಾವ ದಿನವಾದರೂ ಅರ್ಜಿ ಹಾಕಬಹುದು. ಯುರೋಪಿನ ಮೇರಿ ಕ್ಯೂರಿ ಡಾಕ್ಟರಲ್ ಜಾಲಗಳಲ್ಲಿ ಪೂರ್ತಿ ಸಂಬಳದ ಪಿಎಚ್‌.ಡಿ. ಸಿಗುತ್ತದೆ; ಹಿಂದಿನ 36 ತಿಂಗಳಲ್ಲಿ ಆ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು ಎಂಬ ನಿಯಮ ಭಾರತದಿಂದ ನೇರವಾಗಿ ಹೋಗುವವರಿಗೆ ಅನುಕೂಲವೇ.

ಹೋಗುವಾಗ ಒಂದು ಮಾತು ನೆನಪಿಡಿ: ಅಲ್ಲಿನ ತಾಮ್ರದ ಅದಿರಿನ ಮೇಲೆ ಕೆಲಸ ಮಾಡಿದರೂ ವಿಧಾನವನ್ನು ಕಲಿತು ಬನ್ನಿ. ಸ್ಲೈಮ್‌ನ ಪ್ರಶ್ನೆ, ಫ್ಲೋರೈಡ್‌ನ ಪ್ರಶ್ನೆ ನಮ್ಮವು. ಅವುಗಳಿಗೆ ಹೊರಗಿನವರು ಉತ್ತರ ಹುಡುಕಿ ಕೊಡುತ್ತಾರೆಂದು ಕಾಯುವುದು ವ್ಯರ್ಥ.

ಹೆಜ್ಜೆ 9: ಮೊದಲ ಪ್ರಸ್ತಾವನೆ ಬರೆಯಿರಿ

ಮೊದಲ ಪುಟದಲ್ಲಿ ಒಂದೇ ಪ್ರಶ್ನೆ ಇರಲಿ. ‘ಕಬ್ಬಿಣದ ಅದಿರಿನ ಸಂಸ್ಕರಣೆಗೆ ಹಸಿರು ರಾಸಾಯನಿಕಗಳ ಅಭಿವೃದ್ಧಿ’ ಎಂಬ ಶೀರ್ಷಿಕೆ ಎಲ್ಲವನ್ನೂ ಹೇಳುವಂತೆ ಕಂಡು ಏನನ್ನೂ ಹೇಳುವುದಿಲ್ಲ. ‘ಕ್ಯಾಲ್ಸಿಯಂ ಅಯಾನುಗಳ ನಡುವೆ ಪಿಷ್ಟ ಗೋಥೈಟನ್ನೂ ಗಿಬ್‌ಸೈಟನ್ನೂ ಬೇರೆ ಬೇರೆಯಾಗಿ ಗುರುತಿಸಬಲ್ಲದೇ?’ ಎಂದರೆ ಓದುವ ತಜ್ಞರು ನೆಟ್ಟಗೆ ಕೂರುತ್ತಾರೆ. ಮುಂದಿನ ಪರಿಚ್ಛೇದದಲ್ಲಿ ನಿಮ್ಮ ಊಹೆ, ಅದಕ್ಕೆ ರಾಸಾಯನಿಕ ಕಾರಣ, ಮತ್ತು ಯಾವ ಫಲಿತಾಂಶ ಬಂದರೆ ಆ ಊಹೆ ಬಿದ್ದುಹೋಗುತ್ತದೆ ಎಂಬುದನ್ನು ಬರೆಯಿರಿ. ಈ ಕೊನೆಯದನ್ನು ಬರೆಯಲು ಹೊಸಬರು ಹೆದರುತ್ತಾರೆ. ಹೆದರಬಾರದು, ವಿಜ್ಞಾನ ಇರುವುದೇ ಅಲ್ಲಿ.

ಕೆಲಸವನ್ನು ಶುದ್ಧ ಖನಿಜ, ಎರಡರ ಮಿಶ್ರಣ, ನಿಜವಾದ ಸ್ಲೈಮ್ ಎಂಬ ಮೂರು ಮೆಟ್ಟಿಲುಗಳಲ್ಲಿ ಹರಡಿ. ಮೂರನೆಯದು ಕೈಕೊಟ್ಟರೂ ಮೊದಲೆರಡರಿಂದ ಪ್ರಕಟಿಸಬಹುದಾದ ತಿಳಿವಳಿಕೆ ಉಳಿಯುತ್ತದೆ. ಗಣಿ ಗುತ್ತಿಗೆದಾರರಿಂದ ಮಾದರಿ ಕೊಡುವ ಒಪ್ಪಿಗೆ ಪತ್ರವನ್ನು ಪ್ರಸ್ತಾವನೆ ಸಲ್ಲಿಸುವ ಮುಂಚೆಯೇ ಪಡೆಯಿರಿ, ಮತ್ತು ಫಲಿತಾಂಶ ಪ್ರಕಟಿಸುವ ಸ್ವಾತಂತ್ರ್ಯ ನಿಮಗಿದೆ ಎಂಬ ಸಾಲು ಅದರಲ್ಲಿರಲಿ. ಬಜೆಟ್‌ನಲ್ಲಿ ದೊಡ್ಡ ಯಂತ್ರಕ್ಕೆ ಹಣ ಸುರಿಯುವ ಬದಲು ಒಳ್ಳೆಯ ಪಿಎಚ್ ಮೀಟರ್, ಶುದ್ಧ ನೀರಿನ ಘಟಕ, ಅಗೇಟ್ ಪಾತ್ರೆ, ಹೊರಗಿನ ಉಪಕರಣ ಶುಲ್ಕ, ವಿದ್ಯಾರ್ಥಿಯ ಪ್ರಯಾಣ ಇವಕ್ಕೆ ಇಡಿ. ನಿರ್ವಹಣೆಗೆ ಹಣವಿಲ್ಲದೆ ಮುಸುಕು ಹೊದ್ದು ನಿಂತ ಯಂತ್ರಗಳನ್ನು ನಮ್ಮ ಕಾಲೇಜುಗಳಲ್ಲಿ ಬೇಕಾದಷ್ಟು ನೋಡಿದ್ದೇವೆ.

ಮಾದರಿ ಬಂದ ದಿನವೇ ಅರ್ಧ ಭಾಗವನ್ನು ಮುಟ್ಟದೆ ಮೊಹರು ಮಾಡಿ ಇಡಿ. ಚೀಲದ ಮೇಲೆ ಗಣಿ, ಹೊಂಡ, ಆಳ, ದಿನಾಂಕ ಬರೆದಿರಲಿ. ಅದೇ ಹೊಂಡದ ನೀರನ್ನೂ ಒಂದು ಕ್ಯಾನಿನಲ್ಲಿ ತಂದು ಅದೇ ವಾರ ವಿಶ್ಲೇಷಿಸಿ. ಪ್ರಸ್ತಾವನೆ ತಿರಸ್ಕೃತವಾಗಿ ಬಂದರೆ ತಜ್ಞರ ಟಿಪ್ಪಣಿಗಳಲ್ಲಿ ವಿಜ್ಞಾನಕ್ಕೆ ಸಂಬಂಧಿಸಿದವನ್ನು ಬೇರೆ ಮಾಡಿ, ಅವಕ್ಕೆ ಉತ್ತರ ಕೊಡುವ ಚಿಕ್ಕ ಪ್ರಯೋಗವನ್ನು ಇರುವ ಸೌಲಭ್ಯದಲ್ಲೇ ಮಾಡಿ, ಆ ದತ್ತಾಂಶವನ್ನು ಸೇರಿಸಿ ಮುಂದಿನ ಕರೆಗೆ ಮತ್ತೆ ಕಳಿಸಿ.